ಪರದೆಯ ಪರಿಚಯಪತ್ರ

ಬೈರಾಪಟ್ಟಣದ ವಿದ್ಯಾರ್ಥಿಯೊಬ್ಬನು ತನ್ನ ಗಣಕಯಂತ್ರಕ್ಕೆ ಹೊಸ ಪರದೆಯನ್ನು ಜೋಡಿಸುತ್ತಾನೆನ್ನೋಣ. ಅದರಲ್ಲಿ ಅಡ್ಡಸಾಲಿಗೆ 1920ರಂತೆ 1080 ಸಾಲು ಚುಕ್ಕೆಗಳಿವೆ. ಯಂತ್ರವು ಬೇರೆ ಅಳತೆಯ ಚಿತ್ರವನ್ನು ಕಳುಹಿಸಿದರೆ ಕನ್ನಡದ ಒತ್ತಕ್ಷರಗಳು ಮಸುಕಾಗಿ ಕಣ್ಣು ದಣಿಯುತ್ತದೆ. ಸರಿಯಾದ ಅಳತೆಯು ಯಂತ್ರಕ್ಕೆ ತಿಳಿಯುವುದೆಂತು?

ಉತ್ತರವು ಪರದೆಯೊಳಗೇ ಇದೆ. ವೆಸಾ ಸಂಸ್ಥೆಯು 1994ರಲ್ಲಿ ಪ್ರಕಟಿಸಿದ 'ಇ.ಡಿ.ಐ.ಡಿ.' ಕ್ರಮದಂತೆ ಅದರ ಸ್ಮೃತಿಕೋಶದಲ್ಲಿ 128 ಬೈಟುಗಳ ಪರಿಚಯಪತ್ರವಿರುತ್ತದೆ. ಕಾರ್ಯಾಚರಣ ವ್ಯವಸ್ಥೆಯು ಅದನ್ನು ತಂತಿಯ ಮೂಲಕ ಓದಿ, ಬೈಟುಗಳನ್ನೆಲ್ಲ ಕೂಡಿಸುತ್ತದೆ. ಮೊತ್ತವು 256ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಓದು ತಪ್ಪಿದೆಯೆಂದರ್ಥ.

ಸೊನ್ನೆಯಿಂದ ಎಣಿಸಿದರೆ 54ನೆಯ ಬೈಟಿನಿಂದ ಮೊದಲಾಗುವ 18 ಬೈಟುಗಳಲ್ಲಿ ಸಾಮಾನ್ಯವಾಗಿ ಪರದೆಗೆ ಒಪ್ಪುವ ಅಳತೆಯಿರುತ್ತದೆ. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಆದುದರಿಂದ 1920ನ್ನು 7 ಮತ್ತು 128 ಎಂದು ಒಡೆದು ಎರಡು ಬೈಟುಗಳಲ್ಲಿ ಇರಿಸಿದ್ದಾರೆ. 7ನ್ನು 256ರಿಂದ ಗುಣಿಸಿ 128ನ್ನು ಕೂಡಿಸಿದರೆ ನಮಗೂ 1920 ದೊರೆಯುತ್ತದೆ.

ಪತ್ರವನ್ನು ಓದಲಾಗದಿದ್ದಲ್ಲಿ ಯಂತ್ರವು ಊಹೆಯನ್ನೇ ನಂಬಬೇಕಾಗುತ್ತದೆ. ಮಸುಕಿನ ಮೂಲವು ಹಲವೊಮ್ಮೆ ಇದೇ.