ಪಾಡ್‌ಕಾಸ್ಟ್ ಅಕ್ಷರರೂಪ | ಒಬ್ಬರೇ ಮಗು ಸಾಕ್ತಾ ಕರಾವಳಿಗೆ ಶಿಫ್ಟ್ ಆಗೋದಾದ್ರೆ, ಯಾವ ಊರು?

ಇವತ್ತಿನ ವಿಷಯ ಊರು ಬದಲಿಸೋದು. ಒಬ್ಬರೇ ಮಗುವನ್ನು ಬೆಳೆಸುತ್ತಿರುವವರು, ಒಂದೇ ಸಂಬಳದಲ್ಲಿ, ಬೆಂಗಳೂರು ಬಿಟ್ಟು ಕರಾವಳಿಗೆ ಹೋಗೋದಾದರೆ ಯಾವ ಊರನ್ನು ಹೇಗೆ ಆರಿಸಿಕೊಳ್ಳಬೇಕು?

ಈ ಪ್ರಶ್ನೆ ಸದ್ಯಕ್ಕೆ ನನ್ನ ಮನೆಯದ್ದೂ ಹೌದು. ನಾನು ಸಿಂಗಲ್ ಪೇರೆಂಟ್. ಮಗನಿಗೆ 8 ವರ್ಷ. ಅವನಿಗೆ ಆಗಾಗ ಉಬ್ಬಸ ಬರುತ್ತೆ, ನೆಬ್ಯುಲೈಸರ್ ಯಾವಾಗಲೂ ಮಂಚದ ಪಕ್ಕದಲ್ಲೇ ಇರುತ್ತೆ. ನನ್ನ ತವರು ಕುಮಟಾ. ಕೆಲಸ ಬಹುಪಾಲು ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತೆ. ಮುಂದಿನ ಶಾಲಾ ವರ್ಷ ಶುರುವಾಗೋದರೊಳಗೆ ಕರಾವಳಿಗೆ ಹೋಗೋದು ಅಂತ ತೀರ್ಮಾನ ಮಾಡಿದೀನಿ. ಊರು ಹುಡುಕುವಾಗ ನಾನು ಹಾಕಿದ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ. ನಿಮ್ಮ ಉತ್ತರ ನನ್ನದಕ್ಕಿಂತ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಮಾತ್ರ ಉಪಯೋಗಕ್ಕೆ ಬರುತ್ತೆ.

ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ

ಕರಾವಳಿ ಅಂದ ಕೂಡಲೇ ಎಲ್ಲರೂ ಕೇಳೋದು ಎರಡೇ: ಬೀಚ್ ಎಷ್ಟು ದೂರ, ಬಾಡಿಗೆ ಎಷ್ಟು. ಅಪ್ಪ–ಅಮ್ಮ ಇಬ್ಬರೂ ಇರುವ ಮನೆಗೆ ಅಷ್ಟು ಸಾಕಾಗಬಹುದು. ನಮಗೆ ಸಾಲಲ್ಲ. ನಾವು ಮೊದಲು ಕೇಳಬೇಕಾದ್ದು: ಶಾಲೆ ಬಿಡೋ ಹೊತ್ತಿಗೆ ನಾನು ತಲುಪೋಕೆ ಆಗದಿದ್ದರೆ ಯಾರು ಹೋಗ್ತಾರೆ? ರಾತ್ರಿ 2 ಗಂಟೆಗೆ ಮಗುವಿಗೆ ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಎಷ್ಟು ಹೊತ್ತು?

ಹಾಗಾಗಿ ನಾನು ಕಾಗದದ ಮೇಲೆ ಒಂದು ವೃತ್ತ ಹಾಕಿದೆ. ಒಳಗೆ ನಾಲ್ಕು ಚುಕ್ಕಿ: ಮನೆ, ಶಾಲೆ, ಮಕ್ಕಳ ವೈದ್ಯರಿರುವ ಆಸ್ಪತ್ರೆ ಮತ್ತು ನಂಬಿಕಸ್ತ ಒಬ್ಬ ದೊಡ್ಡವರು. ಈ ನಾಲ್ಕೂ ಅರ್ಧ ಗಂಟೆಯ ದಾರಿಯೊಳಗೆ ಬಂದರೆ ಆ ಊರು ನಮ್ಮಂಥವರಿಗೆ ಆಗುತ್ತೆ. ಒಂದು ಚುಕ್ಕಿ ಹೊರಗೆ ಬಿದ್ದರೆ ಅದಕ್ಕೆ ಪರ್ಯಾಯ ಏನು ಅಂತ ಮನೆ ಬಿಡೋ ಮುಂಚೆಯೇ ಉತ್ತರ ಇರಬೇಕು. ಎರಡು ಹೊರಗೆ ಬಿದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ನಾನು ಆ ಊರನ್ನು ಪಟ್ಟಿಯಿಂದ ತೆಗೀತೀನಿ.

ಆಸ್ಪತ್ರೆ: ಮೂರು ಜಿಲ್ಲೆ, ಮೂರು ಪರಿಸ್ಥಿತಿ

ನಮ್ಮ ಕರಾವಳಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಅಂತ ಮೂರು ಜಿಲ್ಲೆ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಹೋಗುತ್ತವೆ. ಮ್ಯಾಪ್‌ನಲ್ಲಿ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತೆ. ಆಸ್ಪತ್ರೆ ಲೆಕ್ಕ ಹಾಕಿದರೆ ಒಂದೇ ಥರ ಇಲ್ಲ.

ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ, ಜೊತೆಗೆ ಹಲವು ಖಾಸಗಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಉಡುಪಿಯಿಂದ ಸುಮಾರು 5 ಕಿ.ಮೀ. ದೂರದ ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇದೆ. ಕುಂದಾಪುರದಿಂದ ಉಡುಪಿಗೆ 35–40 ಕಿ.ಮೀ.

ಉತ್ತರಕ್ಕೆ ಹೋದ ಹಾಗೆ ಚಿತ್ರ ಬದಲಾಗುತ್ತೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಆದರೆ ದೊಡ್ಡ ತುರ್ತು ಚಿಕಿತ್ಸೆ ಅಂದರೆ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಕಡೆ ಹೊರಡ್ತಾರೆ. 2022ರ ಜುಲೈನಲ್ಲಿ ಹೊನ್ನಾವರ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡರು. ಆ ವಿಡಿಯೊ ನಿಮ್ಮಲ್ಲಿ ಅನೇಕರ ಫೋನಿಗೂ ಬಂದಿರುತ್ತೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅನ್ನೋ ಕೂಗು ಅದಾದ ಮೇಲೆ ಸೋಷಿಯಲ್ ಮೀಡಿಯಾದಲ್ಲಿ ಜೋರಾಯ್ತು.

ಕುಮಟಾದಿಂದ ಮಣಿಪಾಲಕ್ಕೆ 100 ಕಿ.ಮೀ.ಗಿಂತ ಜಾಸ್ತಿ. ಉಬ್ಬಸದ ಮಗು ಇರುವ ನನಗೆ ಇದು ಸಣ್ಣ ಸಂಖ್ಯೆಯಲ್ಲ.

ದುಡ್ಡಿನ ಲೆಕ್ಕ: ಬಾಡಿಗೆ ಒಂದನ್ನೇ ನೋಡಬೇಡಿ

ಬಾಡಿಗೆ ಸಾಮಾನ್ಯವಾಗಿ ಮಂಗಳೂರು ನಗರದೊಳಗೆ ಹೆಚ್ಚು. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಬೇಡಿಕೆ ಇರೋದರಿಂದ ಸಣ್ಣ ಮನೆಗೂ ಬೆಲೆ ಏರಿರುತ್ತೆ. ಅಲ್ಲಿಂದ ಸ್ವಲ್ಪ ಹೊರಗೆ, ಬ್ರಹ್ಮಾವರ, ಕೋಟ, ಕುಂದಾಪುರ ಕಡೆ ಬಂದರೆ ಅದೇ ದುಡ್ಡಿಗೆ ದೊಡ್ಡ ಜಾಗ, ಒಂದು ಬಾವಿ, ಎರಡು ತೆಂಗಿನಮರ ಸಿಗೋ ಸಾಧ್ಯತೆ ಇದೆ.

ಆದರೆ ಬಾಡಿಗೆಯ ಪಕ್ಕದಲ್ಲೇ ಬಸ್ ಖರ್ಚನ್ನೂ ಬರ್ಕೊಳ್ಳಿ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯ್ತು. ಹೆಣ್ಣುಮಕ್ಕಳಿಗೆ ಉಚಿತ ಇರೋದು ಸರ್ಕಾರಿ ಬಸ್‌ನಲ್ಲಿ ಮಾತ್ರ. ಮಂಗಳೂರು–ಉಡುಪಿ–ಕುಂದಾಪುರ ಮಾರ್ಗದಲ್ಲಿ, ಮಂಗಳೂರು ಮತ್ತು ಉಡುಪಿ–ಮಣಿಪಾಲದ ಸಿಟಿ ಬಸ್‌ಗಳಲ್ಲಿ ಖಾಸಗಿಯವರದ್ದೇ ಮೇಲುಗೈ. ನಿಮಿಷ ನಿಮಿಷಕ್ಕೆ ಬಸ್ ಸಿಗುತ್ತೆ, ಟಿಕೆಟ್ ಕೊಳ್ಳಬೇಕು. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಓಡಾಡೋದು ಹೆಚ್ಚಾಗಿ ವಾಯವ್ಯ ಸಾರಿಗೆಯ ಬಸ್. ಅಲ್ಲಿ ಅಮ್ಮನಾದವಳಿಗೆ ಬಸ್ ಖರ್ಚೇ ಇಲ್ಲ. ದಿನಾ ಎರಡು ಸಲ ಓಡಾಡುವವರಿಗೆ ತಿಂಗಳ ಕೊನೆಯಲ್ಲಿ ಇದು ಕಣ್ಣಿಗೆ ಕಾಣೋ ವ್ಯತ್ಯಾಸ.

ಗೃಹಜ್ಯೋತಿ ಬಗ್ಗೆಯೂ ಒಂದು ಮಾತು. ಬಾಡಿಗೆ ಮನೆ ಬಿಡುವಾಗ ಹಳೇ ಮನೆಯ ಮೀಟರ್‌ನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ, ಆಮೇಲೆ ಹೊಸ ಮನೆಯಲ್ಲಿ ನೋಂದಾಯಿಸಿ. ಇದು ಆನ್‌ಲೈನ್‌ನಲ್ಲೇ ಆಗುತ್ತೆ.

ಇನ್ನೊಂದು, ಕೆಲಸ. ನಿಮ್ಮದು ಮನೆಯಿಂದ ಮಾಡುವ ಕೆಲಸ ಅಲ್ಲದಿದ್ದರೆ ಪಟ್ಟಿ ತಾನಾಗೇ ಚಿಕ್ಕದಾಗುತ್ತೆ. ಐಟಿ, ಆಸ್ಪತ್ರೆ, ಕಾಲೇಜು ಕೆಲಸಗಳು ಹೆಚ್ಚು ಇರೋದು ಮಂಗಳೂರು ಮತ್ತು ಉಡುಪಿ–ಮಣಿಪಾಲದಲ್ಲಿ. ಇವತ್ತು ವರ್ಕ್ ಫ್ರಂ ಹೋಮ್ ಇದೆ, ನಾಳೆ ಆಫೀಸಿಗೆ ಬನ್ನಿ ಅಂದರೆ? ಆಗ ಇನ್ನೊಂದು ಕೆಲಸ ಹುಡುಕೋಕೆ ಅವಕಾಶ ಇರೋ ಊರೇ ಒಳ್ಳೇದು.

ಶಾಲೆ ಮತ್ತು ಕಾಗದಪತ್ರ

ಶಾಲೆ ವಿಷಯದಲ್ಲಿ ಕರಾವಳಿಗೆ ಒಳ್ಳೇ ಹೆಸರಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹಾಗಂತ ಬರೀ ರ‍್ಯಾಂಕ್ ನೋಡಿ ಶಾಲೆ ಹಿಡಿಯಬೇಡಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಗು ಅಲ್ಲೇ ಇರಬಹುದಾ, ವ್ಯಾನ್ ಮನೆ ಬಾಗಿಲವರೆಗೆ ಬರುತ್ತಾ ಅಂತ ಕೇಳಿ.

ಮಧ್ಯದಲ್ಲಿ ಊರು ಬಿಟ್ಟರೆ ಟಿಸಿ ಸಿಗುತ್ತಾ ಅನ್ನೋ ಭಯ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 8ನೇ ತರಗತಿವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವಾಗ ಟಿಸಿ ತಡವಾಯ್ತು ಅನ್ನೋ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಮಗುವಿನ ಸ್ಯಾಟ್ಸ್ ನಂಬರ್ ಮಾತ್ರ ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಈಗ ಸ್ವಲ್ಪ ಕಷ್ಟದ ಮಾತು. ವಿಚ್ಛೇದನ ಆಗಿದ್ದು ಮಗುವಿನ ಕಸ್ಟಡಿ ಬಗ್ಗೆ ಕೋರ್ಟ್ ಆದೇಶ ಇದ್ದರೆ, ಅಥವಾ ಕೇಸ್ ಇನ್ನೂ ನಡೀತಿದ್ದರೆ, ಲಾರಿ ಬುಕ್ ಮಾಡುವ ಮುಂಚೆ ನಿಮ್ಮ ವಕೀಲರ ಹತ್ತಿರ ಮಾತಾಡಿ. ಮಗುವನ್ನು ಇನ್ನೊಬ್ಬರು ಭೇಟಿ ಮಾಡುವ ದಿನ, ಜಾಗ ಆದೇಶದಲ್ಲಿ ಬರೆದಿರುತ್ತೆ. ಊರು ಬದಲಾದರೆ ಅದು ನಡೆಯೋದು ಹೇಗೆ ಅಂತ ಕೋರ್ಟ್ ಕೇಳುತ್ತೆ. ಅನುಮತಿ ಬೇಕಾದಲ್ಲಿ ಮೊದಲೇ ತಗೊಳ್ಳಿ.

ಮದುವೆ ಆಗದೆ ತಾಯಿ ಆದವರಿಗೂ ಒಂದು ಮಾಹಿತಿ. ಅವಿವಾಹಿತ ತಾಯಿ ತನ್ನ ಮಗುವಿನ ಗಾರ್ಡಿಯನ್ ಆಗೋಕೆ ತಂದೆಯ ಹೆಸರು ಹೇಳಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ಯಾವುದಾದರೂ ಕೌಂಟರ್‌ನಲ್ಲಿ ಫಾರ್ಮ್ ವಾಪಸ್ ತಳ್ಳಿದರೆ, ತಲೆತಗ್ಗಿಸದೆ ಇದನ್ನು ನೆನಪಿಸಬಹುದು.

ಜುಲೈಯಲ್ಲಿ ಒಮ್ಮೆ, ಮೇಯಲ್ಲಿ ಒಮ್ಮೆ ನೋಡಿ

ಡಿಸೆಂಬರ್‌ನಲ್ಲಿ ಕರಾವಳಿಗೆ ಹೋಗಿ ಮನೆ ನೋಡಿದರೆ ಎಲ್ಲ ಮನೆಯೂ ಚೆಂದ. ಬೆಂಗಳೂರಿನಲ್ಲಿ ವರ್ಷಪೂರ್ತಿ ಬೀಳುವ ಮಳೆಗಿಂತ ಸುಮಾರು ನಾಲ್ಕು ಪಟ್ಟು ಮಳೆ ಉಡುಪಿಯಲ್ಲಿ ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಜುಲೈಯಲ್ಲಿ ಹೋದರೆ ಗೋಡೆ ನಿಜ ಹೇಳುತ್ತೆ. ಕಪಾಟಿನ ಹಿಂದೆ ಕೈಯಾಡಿಸಿ, ಬೂಷ್ಟು ವಾಸನೆ ಬರುತ್ತಾ ನೋಡಿ. ಉಬ್ಬಸ ಇರುವ ಮಕ್ಕಳಿಗೆ ಅದು ಆಗಿಬರಲ್ಲ. ಗಾಳಿಮಳೆಗೆ ಕರೆಂಟ್ ಹೋಗೋದು ಮಾಮೂಲು. ನೆಬ್ಯುಲೈಸರ್ ನಂಬಿಕೊಂಡವರು ಇನ್ವರ್ಟರ್ ಖರ್ಚನ್ನೂ ಸೇರಿಸಿಕೊಳ್ಳಿ. ಸ್ಪೇಸರ್ ಹಾಕಿ ಇನ್ಹೇಲರ್ ಕೊಡೋದು ಹೇಗೆ ಅಂತಲೂ ಮಗುವಿನ ಡಾಕ್ಟರ್ ಹತ್ತಿರ ಕಲಿತಿರಿ, ಅದಕ್ಕೆ ಕರೆಂಟ್ ಬೇಡ.

ಮೇಯಲ್ಲಿ ಹೋದರೆ ನೀರು ನಿಜ ಹೇಳುತ್ತೆ. ಸಮುದ್ರಕ್ಕೆ, ಅಳಿವೆಗೆ ತೀರಾ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪಾಗಬಹುದು. ಒಂದು ಲೋಟ ಕುಡಿದೇ ನೋಡಿ. ತೀರದ ಮೊದಲ ಸಾಲಿನ ಮನೆಗಳಿಗೆ ಕಡಲ್ಕೊರೆತದ ಭಯವೂ ಇದೆ. ಬೀಚ್‌ಗೆ ಭಾನುವಾರ ನಡ್ಕೊಂಡೋ ಆಟೊದಲ್ಲೋ ಹೋದರಾಯ್ತು, ಮನೆ ಸ್ವಲ್ಪ ಒಳಗಿರಲಿ.

ಆಮೇಲೆ ಮಳೆ ರಜೆ. ಜೋರು ಮಳೆಯಾದರೆ ಹಿಂದಿನ ರಾತ್ರಿಯೋ, ಬೆಳಿಗ್ಗೆಯೋ ಶಾಲೆಗಳಿಗೆ ರಜೆ ಘೋಷಣೆ ಆಗುತ್ತೆ. ಮಕ್ಕಳಿಗೆ ಹಬ್ಬ. ನಮಗೆ ಮಾತ್ರ, 9 ಗಂಟೆಗೆ ಮೀಟಿಂಗ್ ಇಟ್ಟುಕೊಂಡು ಮಗುವನ್ನು ಎಲ್ಲಿ ಬಿಡೋದು ಅನ್ನೋ ಪರದಾಟ. ರಸ್ತೆಯೂ ಅಷ್ಟೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯ್ತು. ಮಳೆಗಾಲದಲ್ಲಿ "ದೂರ" ಅನ್ನೋದು ಕಿಲೋಮೀಟರ್ ಲೆಕ್ಕವಲ್ಲ.

"ಯಜಮಾನ್ರು ಎಲ್ಲಿದ್ದಾರೆ?"

ಮನೆ ನೋಡೋಕೆ ಹೋದಲ್ಲೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ನಾನು ಕಥೆ ಕಟ್ಟಲ್ಲ. "ನಾನು, ಮಗ ಇಬ್ಬರೇ ಇರೋದು. ನನ್ನ ಕೆಲಸ ಇದು. ಬಾಡಿಗೆ 5ನೇ ತಾರೀಕಿನೊಳಗೆ ಬರುತ್ತೆ" ಅಂತ ಹೇಳ್ತೀನಿ. ಮುಖ ಸಿಂಡರಿಸುವವರು ಆಗಲೇ ಸಿಂಡರಿಸಲಿ, ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾಗೋದಕ್ಕಿಂತ ಅದು ವಾಸಿ. ಒಂದು ಕಡೆ ಮನೆಯೊಡತಿ ಅಷ್ಟು ಕೇಳಿ, "ಹಾಗಾದ್ರೆ ಮಗು ಶಾಲೆಯಿಂದ ಬಂದು ನಮ್ಮ ಜಗಲಿಯಲ್ಲೇ ಕೂತ್ಕೊಳ್ಲಿ ಮಾರಾಯ್ರೆ" ಅಂದರು. ನನ್ನ ವೃತ್ತದ ನಾಲ್ಕನೇ ಚುಕ್ಕಿ ಅಲ್ಲೇ ಸಿಕ್ಕಿಬಿಟ್ಟಿತು. ಹಾಗಾಗಿ ಓನರ್ ಅದೇ ಕಾಂಪೌಂಡ್‌ನಲ್ಲಿ ಇರೋ ಮನೆ ನಮ್ಮಂಥವರಿಗೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಸ್ವಲ್ಪ ಪ್ರಶ್ನೆ ಜಾಸ್ತಿ ಬರುತ್ತೆ, ಆದರೆ ಕಣ್ಣೂ ಇರುತ್ತೆ.

ಭಾಷೆಗೆ ಹೆದರಬೇಡಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲ ಕಿವಿಗೆ ಬೀಳುತ್ತೆ. ಕನ್ನಡ ಎಲ್ಲ ಕಡೆ ನಡೆಯುತ್ತೆ, ಮಕ್ಕಳು ಆಟದ ಜೊತೆಗೇ ಉಳಿದದ್ದನ್ನು ಕಲೀತಾರೆ.

ಹಾಗಾದ್ರೆ ನಾನು ಎಲ್ಲಿಗೆ?

ಕುಮಟಾದಲ್ಲಿ ಅಮ್ಮ ಇದ್ದಾಳೆ. ಮನೆ ಇದೆ, ಬಾಡಿಗೆ ಸೊನ್ನೆ, ಬಸ್ ಫ್ರೀ. "ಇಷ್ಟು ದೊಡ್ಡ ಮನೆ ಖಾಲಿ ಬಿದ್ದದೆ, ದುಡ್ಡು ಕೊಟ್ಟು ಬೇರೆ ಕಡೆ ಇರೂದು ಎಂತಕ್ಕೆ?" ಅಂತ ಅವಳು ಕೇಳಿದಾಗ ನನಗೆ ಸುಲಭದ ಉತ್ತರ ಇರಲಿಲ್ಲ. ನನ್ನ ಮಗನಿಗೆ ಉಬ್ಬಸ ಇಲ್ಲದೇ ಇದ್ದಿದ್ದರೆ ನಾನು ಕುಮಟಾವನ್ನೇ ಆರಿಸ್ತಿದ್ದೆ. ದಿನಾ ಜೊತೆಗಿರೋ ಅಜ್ಜಿಗಿಂತ ದೊಡ್ಡ ಸೌಲಭ್ಯ ಯಾವ ಊರಲ್ಲೂ ಇಲ್ಲ. ನಿಮ್ಮ ಮಗು ಆರೋಗ್ಯವಾಗಿದ್ದು, ತವರು ಅಥವಾ ಅಣ್ಣ–ಅಕ್ಕನ ಮನೆ ಅಂಥ ಊರಲ್ಲಿದ್ದರೆ, ಕಣ್ಣುಮುಚ್ಚಿ ಅಲ್ಲಿಗೇ ಹೋಗಿ ಅಂತೀನಿ.

ಆದರೆ ಮಗನ ಉಸಿರು ಕಟ್ಟಿದ ರಾತ್ರಿಗಳನ್ನು ನಾನು ನೋಡಿದೀನಿ. ಆಗ 100 ಕಿ.ಮೀ. ದಾರಿ ನನಗೆ ಬೇಡ. ಹಾಗಾಗಿ ಬ್ರಹ್ಮಾವರ ಅಂತ ತೀರ್ಮಾನ ಮಾಡಿದೀನಿ. ಮಂಗಳೂರು, ಮಣಿಪಾಲಕ್ಕಿಂತ ಬಾಡಿಗೆ ಹಗುರ, ಹೆದ್ದಾರಿ ಪಕ್ಕ, ಉಡುಪಿ–ಮಣಿಪಾಲ ಹತ್ತಿರ. ಬೆಂಗಳೂರಿಗೆ ಬರಬೇಕಾದಾಗ ರಾತ್ರಿ ಹೊರಡೋ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿಯಲ್ಲಿ ಸಿಗುತ್ತೆ. ಅಮ್ಮನಿಗೂ ಕುಮಟಾದಲ್ಲಿ ರೈಲು ಹತ್ತಿದರೆ ಉಡುಪಿಯಲ್ಲಿ ಇಳಿಯಬಹುದು.

ಬಾಡಿಗೆ ಕೊಡಬೇಕಲ್ಲ ಅನ್ನೋದು ಇನ್ನೂ ಚುಚ್ಚುತ್ತೆ. ಆದರೆ ಆ ದುಡ್ಡಿಗೆ ನಾನು ಕೊಳ್ತಿರೋದು ಆಸ್ಪತ್ರೆಯ ದಾರಿಯಲ್ಲಿ ಉಳಿಯೋ ಹೊತ್ತನ್ನು. ಅಮ್ಮನ ಜೊತೆ ಒಂದು ಒಪ್ಪಂದವೂ ಆಗಿದೆ: ಜೂನ್‌ನಿಂದ ಆಗಸ್ಟ್‌ವರೆಗೆ ಅವಳು ನಮ್ಮ ಜೊತೆ. ಮಳೆ ರಜೆ, ಕರೆಂಟ್ ಇಲ್ಲದ ರಾತ್ರಿ, ಉಬ್ಬಸ ಎಲ್ಲ ಒಟ್ಟಿಗೇ ಬರೋದು ಆ ಮೂರು ತಿಂಗಳಲ್ಲೇ. ಬೇಸಿಗೆ ರಜೆಯಲ್ಲಿ ನಾವು ಕುಮಟಾಕ್ಕೆ.

ನೀವೂ ಇಂಥದ್ದೇ ಯೋಚನೆಯಲ್ಲಿದ್ದರೆ, ಇವತ್ತು ರಾತ್ರಿ ಮಗು ಮಲಗಿದ ಮೇಲೆ ಆ ವೃತ್ತ ಹಾಕಿ ನೋಡಿ. ನಾಲ್ಕು ಚುಕ್ಕಿಯಲ್ಲಿ ನಿಮಗೆ ಯಾವುದು ಹೊರಗೆ ಬೀಳ್ತಿದೆ ಅಂತ ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಅವುಗಳನ್ನೇ ಇಟ್ಟುಕೊಂಡು ಮಾತಾಡೋಣ.