ನಿಮಗಿದು ಗೊತ್ತೆ?: ಬಯಲುಸೀಮೆಯ ಚಳಿಗೆ ಕಂಬಳಿಯೇ ಮನೆ

ಡಿಸೆಂಬರ್, ಜನವರಿಯಲ್ಲಿ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರಿನ ಬಯಲಲ್ಲಿ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ. ಕತ್ತಲಾದ ಮೇಲೆ ಕಥೆ ಬೇರೆ. ಆಕಾಶದಲ್ಲಿ ಮೋಡವಿರದು, ಗಾಳಿಯಲ್ಲಿ ತೇವ ಕಡಿಮೆ. ನೆಲ ಹಗಲೆಲ್ಲ ಹೀರಿದ ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ಬೆಳಗಿನ ಜಾವವೇ ಅತ್ಯಂತ ಕಠಿಣ. ಆ ಹೊತ್ತಿನಲ್ಲೂ ಕುರಿಗಾಹಿ ಮಲಗುವುದು ಹೊಲದಲ್ಲೇ, ಗೊಬ್ಬರಕ್ಕೆಂದು ತರುಬಿದ ಹಿಂಡಿನ ಪಕ್ಕ.

ಅವನನ್ನು ಕಾಯುವುದು ಕರಿಕಂಬಳಿ. ಈ ಸೀಮೆಯ ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು, ಚುಚ್ಚುತ್ತದೆ ನಿಜ. ಆದರೆ ಎಳೆಗಳ ನಡುವೆ ಸಿಕ್ಕಿಬೀಳುವ ಗಾಳಿ ಮೈಶಾಖವನ್ನು ಹೊರಬಿಡದು. ಇನ್ನೊಂದು ಸೋಜಿಗ: ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವಾಂಶ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಇಬ್ಬನಿ ಬಿದ್ದರೂ ಕಂಬಳಿ ಬೆಚ್ಚಗಿರುವುದು ಹಾಗಾಗಿ.

ನೂಲುವವರು ಹೆಚ್ಚಾಗಿ ಹೆಂಗಸರು, ನೇಯುವುದು ಗುಂಡಿಮಗ್ಗದಲ್ಲಿ. ನೂಲಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ, ಅದರಿಂದ ಎಳೆ ಗಟ್ಟಿಯಾಗುತ್ತದೆ. ಕಂಬಳಿಯನ್ನು ತಲೆಗೆ ಕೊಪ್ಪೆ ಮಾಡಿದರೆ ಮಳೆಗೂ ಆಗುತ್ತದೆ, ಹಾಸಿದರೆ ಹಾಸಿಗೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬರುವ ಗೊರವರ ಮೈಮೇಲೂ ಇದೇ ಕಂಬಳಿಯ ನಿಲುವಂಗಿ. ಗಿರಣಿಯ ಅಗ್ಗದ ಹೊದಿಕೆಗಳು ಸಂತೆಗೆ ಬಂದ ಮೇಲೆ ಮಗ್ಗಗಳು ಕಡಿಮೆಯಾಗಿವೆ. ಸಂತೆಯಲ್ಲಿ ಕೈಮಗ್ಗದ ಕಂಬಳಿ ಕಂಡರೆ ಒಮ್ಮೆ ಕೈಯಿಟ್ಟು ನೋಡಿ.