ಸದ್ದಿಲ್ಲದ ಮಿಂಚಿನ ಜಾಡು ಹಿಡಿದು

ಏಪ್ರಿಲ್ ಕೊನೆಯ ವಾರ ಭರಣಿ ಮಳೆ ಹುಟ್ಟುವ ಕಾಲ. ಹಗಲೆಲ್ಲ ಕಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ರಾತ್ರಿ ಎಂಟಾದರೂ ತೆಂಗಿನ ಒಂದು ಗರಿ ಅಲುಗುವುದಿಲ್ಲ. ಊಟ ಮುಗಿಸಿ ಗಾಳಿಗೆಂದು ಮಾಳಿಗೆ ಹತ್ತಿದವರಿಗೆ ದಿಗಂತದಲ್ಲಿ ಬೆಳಕೊಂದು ಮಿಣುಕಿ ಮಾಯವಾಗುವುದು ಕಾಣುತ್ತದೆ. ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಮಿಣುಕು. ‘ಬಿಸಿಲ ಝಳಕ್ಕೆ ಮಿಂಚ್ತದೆ ಬಿಡು, ಮಳೆ ಗಿಳೆ ಏನಿಲ್ಲ’ ಎಂದು ಮನೆಯ ಹಿರಿಯರು ಹೇಳುವುದುಂಟು.

ಬರೀ ಝಳಕ್ಕೆ ಮಿಂಚು ಹುಟ್ಟುವುದಿಲ್ಲ. ಅದು ಎಲ್ಲೋ ದೂರದಲ್ಲಿ ನಿಜವಾಗಿ ಸುರಿಯುತ್ತಿರುವ ಗುಡುಗು ಮಳೆಯ ಮಿಂಚೇ. ನಮಗೆ ಕೇಳದಿರುವುದು ಅದರ ಗುಡುಗು ಮಾತ್ರ. ನೆಲದ ಹತ್ತಿರದ ಗಾಳಿ ಬಿಸಿ, ಮೇಲೆ ಹೋದಂತೆ ತಂಪು. ಶಬ್ದದ ಅಲೆಗಳು ತಂಪು ಗಾಳಿಯ ಕಡೆಗೆ, ಅಂದರೆ ಮೇಲಕ್ಕೆ, ಬಾಗುತ್ತವೆ. ಹೀಗಾಗಿ ಸುಮಾರು 15–20 ಕಿಲೋಮೀಟರ್ ಆಚೆಯ ಗುಡುಗು ನಮ್ಮ ತಲೆಯ ಮೇಲಿಂದಲೇ ಹಾರಿಹೋಗುತ್ತದೆ. ಬೆಳಕಿಗೆ ಈ ತೊಂದರೆ ಇಲ್ಲ. ಗುಡುಗು ಮೋಡದ ನೆತ್ತಿ 12ರಿಂದ 15 ಕಿಲೋಮೀಟರ್ ಎತ್ತರಕ್ಕೆ ಏರಿರುತ್ತದೆ. ಅಷ್ಟೆತ್ತರದ ಮೋಡ ನೂರು ಕಿಲೋಮೀಟರ್ ದೂರದಲ್ಲಿದ್ದರೂ ಕತ್ತಲೆಯಲ್ಲಿ ಅದರ ಹೊಳಪು ಕಾಣುತ್ತದೆ. ತಿಪಟೂರಿನ ಮಾಳಿಗೆಯಿಂದ ಪಶ್ಚಿಮಕ್ಕೆ ಕಾಣುವ ಮಿಂಚು ಅರಸೀಕೆರೆಯದೇ ಆಗಬೇಕಿಲ್ಲ, ಸುಮಾರು 80 ಕಿಲೋಮೀಟರ್ ಆಚೆಯ ಬಾಬಾಬುಡನ್‌ಗಿರಿಯ ಮೇಲಿನದೂ ಆಗಿರಬಹುದು.

ನಮ್ಮ ಬಯಲುಸೀಮೆಯ ಮಳೆಗೆ ಮಲೆನಾಡಿನ ಮಳೆಯ ಗುಣವಿಲ್ಲ. ಅಲ್ಲಿ ಮುಂಗಾರು ದಿನಗಟ್ಟಲೆ ಜಿನುಗುತ್ತದೆ. ಇಲ್ಲಿ ಹೆಚ್ಚಿನ ಮಳೆ ಬರುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದೂ ಸಂಜೆ ರಾತ್ರಿಯ ಗುಡುಗು ಮಳೆಯಾಗಿ. ಮಧ್ಯಾಹ್ನದ ಕಾವಿಗೆ ಮೇಲೆದ್ದ ತೇವದ ಗಾಳಿ ಮೋಡವಾಗುತ್ತದೆ. ಮೋಡದೊಳಗೆ ಹಿಮದ ಹರಳುಗಳೂ ಆಲಿಕಲ್ಲಿನ ಮರಿಗಳೂ ಒಂದಕ್ಕೊಂದು ಉಜ್ಜಿ ವಿದ್ಯುದಂಶಗಳು ಬೇರ್ಪಡುತ್ತವೆ. ಒಂದೊಂದು ಮೋಡದ ಆಯುಸ್ಸು ಹೆಚ್ಚೆಂದರೆ ಒಂದು ಗಂಟೆ. ಆದರೆ ಅದು ಸಾಯುವಾಗ ಕೆಳಗೆ ನೂಕಿದ ತಣ್ಣನೆಯ ಗಾಳಿ ಪಕ್ಕದಲ್ಲಿ ಇನ್ನೊಂದು ಮೋಡವನ್ನು ಎಬ್ಬಿಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟಿದ ಮಳೆ ರಾತ್ರಿ ಹತ್ತಕ್ಕೆ ನಮ್ಮೂರು ಮುಟ್ಟುತ್ತದೆ. ಇದ್ದಕ್ಕಿದ್ದಂತೆ ಬೀಸುವ, ಮಣ್ಣಿನ ವಾಸನೆ ಹೊತ್ತ ತಂಪು ಗಾಳಿ ಆ ನೂಕಿದ ಗಾಳಿಯೇ.

ಈಗ ಲೆಕ್ಕಕ್ಕೆ ಬರೋಣ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಸಿಕ್ಕಿತು. ಗಡಿಯಾರ ಬೇಡ. ಗುಡುಗಿದಾಗ ಮಕ್ಕಳಿಂದ ಅರ್ಜುನನ ಹತ್ತು ಹೆಸರು ಹೇಳಿಸುವ ರೂಢಿ ನಮ್ಮ ಮನೆಗಳಲ್ಲಿ ಇತ್ತಲ್ಲ? ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಒಂದು ಹೆಸರಿಗೆ ಒಂದು ಸೆಕೆಂಡಿನಂತೆ ನಿಧಾನವಾಗಿ ಹೇಳಿದರೆ ಹತ್ತು ಹೆಸರು ಮುಗಿಯುವಾಗ ಶಬ್ದ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಬಂದಿರುತ್ತದೆ. ಮೂರು ಸಲ ಹೇಳಿದರೆ 30 ಸೆಕೆಂಡು, ಹತ್ತು ಕಿಲೋಮೀಟರ್. ಸಿಡಿಲಿನಿಂದ ಪಾರಾಗಲು ಹವಾಮಾನ ತಜ್ಞರು ಹಾಕಿರುವ ಗಡಿಯೂ ಅದೇ. ಭಯ ಹೋಗಲೆಂದು ಹೇಳಿಕೊಟ್ಟ ಪಾಠ ಅಳತೆಗೋಲೂ ಆದದ್ದು ನನಗಂತೂ ಬಲು ಇಷ್ಟ.

ಗುಡುಗೇ ಕೇಳದ ಮಿಂಚಿಗೆ ಎಣಿಕೆ ನಡೆಯದು. ಅಲ್ಲಿ ಬೇಕಾದದ್ದು ದಿಕ್ಕು, ಜೊತೆಗೆ ಬೇರೆ ಊರಿನಲ್ಲೊಬ್ಬ ಗೆಳೆಯ. ದಿಕ್ಸೂಚಿ ಇಟ್ಟು ಮಾಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ಉತ್ತರ ದಕ್ಷಿಣದ ಗೆರೆ ಎಳೆಯಿರಿ, ಕೋನಮಾಪಕದಿಂದ ಮಿಂಚಿನ ಕೋನ ಗುರುತಿಸಿ. ಒಂಬತ್ತು ಗಂಟೆಗೆ ತಿಪಟೂರಿನ ಹುಡುಗನಿಗೆ ಮಿಂಚು ದಕ್ಷಿಣದಲ್ಲಿ, ಕೊಂಚ ಪಶ್ಚಿಮಕ್ಕೆ ವಾಲಿದಂತೆ ಕಂಡಿತೆನ್ನಿ. ಅದೇ ನಿಮಿಷ ತುರುವೇಕೆರೆಯ ಹುಡುಗಿಗೆ ಸರಿಯಾಗಿ ನೈಋತ್ಯದಲ್ಲಿ ಕಂಡಿತು. ಭೂಪಟದ ಮೇಲೆ ಎರಡೂ ಊರಿನಿಂದ ಗೆರೆ ಎಳೆದರೆ ಅವು ಕೂಡುವುದು ಚನ್ನರಾಯಪಟ್ಟಣದ ಬಳಿ. ಚಿಕ್ಕನಾಯಕನಹಳ್ಳಿಯಿಂದ ಮೂರನೆಯ ಗೆರೆ ಬಂದರೆ ಸಂಶಯವೂ ಹೋಯಿತು. ಒಂದು ಗಂಟೆ ಬಿಟ್ಟು ತುರುವೇಕೆರೆಯವಳಿಗೆ ಮಿಂಚು ಪಶ್ಚಿಮಕ್ಕೆ ಸರಿದು, ತಿಪಟೂರಿನವನಿಗೆ ದಕ್ಷಿಣದಲ್ಲೇ ಗುಡುಗು ಕೇಳತೊಡಗಿದರೆ ಮಳೆ ನೊಣವಿನಕೆರೆಯ ಕಡೆಗೆ ಬರುತ್ತಿದೆ. ಅಂಗಳದಲ್ಲಿ ಕೊಬ್ಬರಿ ಹರವಿದವರಿಗೆ ಸುದ್ದಿ ಮುಟ್ಟಿಸಲು ಅಷ್ಟು ಸಾಕು. ತ್ರಿಕೋನಮಿತಿ ಯಾವ ಉಪಯೋಗಕ್ಕೆ ಎಂದು ಕೇಳುವ ಹತ್ತನೇ ತರಗತಿಯವರು ಒಮ್ಮೆ ಮಾಡಿ ನೋಡಲಿ.

ಹಳೆಯ ರೇಡಿಯೊ ಇದ್ದರೆ ಅದನ್ನೂ ಬಳಸಿ. ಮಧ್ಯಮ ತರಂಗದಲ್ಲಿ ಎರಡು ನಿಲಯಗಳ ನಡುವೆ ಮುಳ್ಳು ನಿಲ್ಲಿಸಿದರೆ ಪ್ರತಿ ಮಿಂಚಿಗೂ ಚಟ್ ಎನ್ನುತ್ತದೆ.

ಅಮೆರಿಕದಲ್ಲಿ ಡೇವಿಡ್ ಹೋಡ್ಲಿ ಎಂಬವರು 1956ರಲ್ಲಿ ನಾರ್ತ್ ಡಕೋಟಾದಲ್ಲಿ ಹೀಗೆಯೇ ಹವ್ಯಾಸಕ್ಕಾಗಿ ಬಿರುಮಳೆಗಳ ಬೆನ್ನು ಹತ್ತಿದರು. 1977ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆಯನ್ನೂ ತೆಗೆದರು. ಅಲ್ಲಿನವರು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಾರೆ. ನಮಗೆ ಅದು ಬೇಡ, ಮಳೆಯೇ ನಮ್ಮಲ್ಲಿಗೆ ಬರುತ್ತದೆ.

ಬಂದಾಗ ಏನು ಮಾಡಬೇಕೆಂಬುದನ್ನು ತಂದೆತಾಯಿಗಳು ಗಮನವಿಟ್ಟು ಓದಬೇಕು. ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಮಿಂಚಿನ ದಾರಿಯ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ತೆಂಗು ಎತ್ತರದ ಮರ, ಒಳಗೆಲ್ಲ ರಸ. ಅದಕ್ಕಿರುವುದು ಒಂದೇ ಸುಳಿ. ಸಿಡಿಲಿಗೆ ಸುಳಿ ಸುಟ್ಟರೆ ಮರ ಮತ್ತೆ ಚಿಗುರುವುದಿಲ್ಲ. ಗರಿಗಳು ಜೋತು, ಕಾಯಿ ಉದುರಿ, ಕೆಲವು ಸಲ ಅಕ್ಕಪಕ್ಕದ ಮರಗಳೂ ವಾರಗಳಲ್ಲಿ ಒಣಗುತ್ತವೆ. ಮರವೇ ಹೀಗಾದರೆ ಬುಡದಲ್ಲಿ ನಿಂತವರ ಗತಿ ಹೇಳಬೇಕೆ? ಮಳೆಗೆ ಮರದಡಿ ನಿಲ್ಲುವುದೇ ಅತಿ ದೊಡ್ಡ ಅಪಾಯ. ದನ ಕಟ್ಟುವ ಜಾಗವೂ ಅದಲ್ಲ. ಆ ಹೊತ್ತಿನಲ್ಲಿ ದೋಟಿ ಹಿಡಿಯಬೇಡಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಬೇಡಿ, ಬೈಕ್ ಓಡಿಸಬೇಡಿ. ಗಟ್ಟಿ ಕಟ್ಟಡ ಅಥವಾ ಬಾಗಿಲು ಮುಚ್ಚಿದ ಕಾರು, ಬಸ್ಸು ಕ್ಷೇಮ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಿ. ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತಲು ತೊಡಗಿ.

ಮಾಳಿಗೆಯ ಮೇಲಿನ ವೀಕ್ಷಣೆ ಸದ್ದಿಲ್ಲದ ಮಿಂಚಿಗೆ ಮಾತ್ರ. ಮೊದಲ ಗುಡುಗು ಕೇಳಿತೋ, ಇಳಿದು ಒಳಗೆ ಬನ್ನಿ. ಎಣಿಕೆ ಕೋಣೆಯೊಳಗಿಂದ ನಡೆಯಲಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಕಾಲಿಡಬೇಡಿ. ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನಿ ರಿಚ್‌ಮನ್ 1753ರಲ್ಲಿ ಮನೆಯೊಳಗೇ ಸಿಡಿಲಿಗೆ ಸತ್ತದ್ದು, ಮೋಡದ ವಿದ್ಯುತ್ತನ್ನು ಅಳೆಯಲು ಛಾವಣಿಯಿಂದ ಸರಳು ಇಳಿಸಿಕೊಂಡಿದ್ದರಿಂದ. ಅಂಥ ಪ್ರಯೋಗ ಯಾರೂ ಮಾಡಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲುಗಳನ್ನು ಮೊಬೈಲಿನಲ್ಲೇ ತೋರಿಸುತ್ತದೆ. ನಿಮ್ಮ ಗೆರೆಗಳನ್ನು ಅದರೊಂದಿಗೆ ಹೋಲಿಸಬಹುದು.

ಒಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಕೋನ, ಸೆಕೆಂಡು, ಗಾಳಿ ತಿರುಗಿದ ಹೊತ್ತು, ಇಷ್ಟು ಕಾಲಂ ಸಾಕು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ಬೆಳಿಗ್ಗೆ ಆ ಮಳೆಯ ಅಂಕಿಯನ್ನು ಕೊನೆಯ ಕಾಲಂನಲ್ಲಿ ಬರೆದುಕೊಳ್ಳಿ. ಕೃತ್ತಿಕೆ, ರೋಹಿಣಿ ಕಳೆಯುವ ಹೊತ್ತಿಗೆ ನಿಮ್ಮೂರಿಗೆ ಮಳೆ ತರುವ ದಿಕ್ಕು ಯಾವುದು, ಬರೀ ಮಿಂಚಿ ಆಸೆ ತೋರಿಸುವ ದಿಕ್ಕು ಯಾವುದು ಎಂಬುದು ಆ ಪುಟಗಳಲ್ಲೇ ಕಾಣತೊಡಗುತ್ತದೆ.